ಫೈನಲ್ ಸೋತಿದ್ರೆ ವಿಶ್ವಕಪ್ ಟಿಕೆಟ್ ಹೋಗ್ತಿತ್ತಾ?

ಗಂಗಾವತಿಯ ಓದುಗರೊಬ್ಬರು ಕೇಳಿದ್ದಾರೆ: "2023ರ ಹಾಕಿ ಫೈವ್ಸ್ (ಐದೈದು ಜನ ಆಡೋ ಹಾಕಿ) ಏಷ್ಯಾ ಕಪ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ನಾವು ವಿಶ್ವಕಪ್‌ಗೆ ಹೋದ್ವಿ. ಅಕಸ್ಮಾತ್ ಸೋತಿದ್ರೆ?" ಕೊಪ್ಪಳದಲ್ಲಿ ನಮ್ಮ ಜೊತೆ ಆಡೋ ಹುಡುಗರೂ ಇದನ್ನೇ ಕೇಳ್ತಾರೆ.

ಸೋತಿದ್ರೂ ಹೋಗ್ತಿದ್ವಿ.

ಲೆಕ್ಕ ನೋಡಿ. 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಗಂಡಸರ ತಂಡ 16. ಐದು ಖಂಡಕ್ಕೆ ತಲಾ ಮೂರು ಸೀಟು, ಅಲ್ಲಿಗೆ 15. ಉಳಿದ ಒಂದು ಆತಿಥೇಯ ಒಮಾನ್‌ಗೆ. ಈಗ ಒಮಾನ್‌ನ ಸಲಾಲಾದಲ್ಲಿ ನಡೆದ ಏಷ್ಯಾ ಕಪ್ ಸೆಮಿಫೈನಲ್‌ಗೆ ಬನ್ನಿ: ಭಾರತ, ಪಾಕಿಸ್ತಾನ, ಮಲೇಷ್ಯಾ, ಒಮಾನ್. ಬಸ್ಸು ನಿಲ್ಲೋ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋರು ಇರ್ತಾರಲ್ಲ, ಒಮಾನ್ ಹಾಗೆ ಮೊದಲೇ ಹಾಕಿತ್ತು. ಉಳಿದಿದ್ದು ಮೂರು ತಂಡ, ಮೂರು ಸೀಟು. ನಾಲ್ಕೂ ತಂಡ ಮಸ್ಕತ್‌ಗೆ ಹೋದವು.

ಅಂದ್ರೆ ನಿಜವಾಗಿ ಎದೆ ಹೊಡ್ಕೋಬೇಕಾಗಿದ್ದು ಸೆಮಿಫೈನಲ್ ತಲುಪೋಕೆ ಮೊದಲಿನ ಲೀಗ್‌ನಲ್ಲಿ. ಅಲ್ಲಿ ಪಾಕಿಸ್ತಾನಕ್ಕೆ 4-5ರಿಂದ ಸೋತಿದ್ವಿ, ಅದು ಬಹಳ ಜನಕ್ಕೆ ನೆನಪೇ ಇಲ್ಲ. ಉಳಿದ ನಾಲ್ಕೂ ಗೆದ್ವಿ: ಬಾಂಗ್ಲಾದೇಶದ ಮೇಲೆ 15-1, ಒಮಾನ್ ಮೇಲೆ 12-2, ಮಲೇಷ್ಯಾ ಮೇಲೆ 7-5, ಜಪಾನ್ ಮೇಲೆ 35-1. ಹೌದು, ಮೂವತ್ತೈದು. ಅಚ್ಚಿನ ತಪ್ಪಲ್ಲ.

ಇಷ್ಟು ಗೋಲು ಹೇಗೆ ಅಂತ ಮುಂದಿನ ಪ್ರಶ್ನೆ ಬರೋದು ಗ್ಯಾರಂಟಿ, ಹಾಗಾಗಿ ಈಗಲೇ ಹೇಳಿಬಿಡ್ತೀನಿ. ಹಾಕಿ ಫೈವ್ಸ್ ಮೈದಾನ ಹೆಚ್ಚೆಂದರೆ 55 ಮೀಟರ್ ಉದ್ದ. ಮಾಮೂಲಿ ಹಾಕಿ ಮೈದಾನದ ಅಗಲವೇ ಅಷ್ಟಿರುತ್ತೆ! ಗೋಲಿ ಸೇರಿ ಐದೇ ಜನ. ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಬಂದೇ ಹೊಡೀಬೇಕು ಅನ್ನೋ ಕಟ್ಟುಪಾಡೂ ಇಲ್ಲ, ಎಲ್ಲಿಂದ ಬೇಕಾದ್ರೂ ಹೊಡೀಬಹುದು. ಅಂಚಿಗೆ ಹಲಗೆ ನಿಲ್ಲಿಸಿರ್ತಾರೆ, ಬಡಿದ ಚೆಂಡು ವಾಪಸ್ ಬರುತ್ತೆ. ನಾವು ಆಡೋ ಶಾಲೆ ಮೈದಾನದಲ್ಲಿ ಒಂದು ಕಡೆ ಕಾಂಪೌಂಡ್ ಗೋಡೆ ಇದೆ, ಹನ್ನೊಂದು ಜನ ಯಾವತ್ತೂ ಸೇರಲ್ಲ ಅಂತ ಐದೈದು ಜನ ಆಡ್ತೀವಿ, ಆ ಗೋಡೆಗೆ ಓರೆಯಾಗಿ ತಳ್ಳಿದ್ರೆ ಎದುರಾಳಿ ತಿರುಗೋದ್ರೊಳಗೆ ಚೆಂಡು ಅವನ ಬೆನ್ನ ಹಿಂದೆ ನಮ್ಮ ಸ್ಟಿಕ್‌ಗೇ ಬಂದು ಸೇರುತ್ತೆ. ಗೋಡೆಯೇ ಆರನೇ ಆಟಗಾರ. ಆದರೆ ಹತ್ತು ನಿಮಿಷ ಓಡಿದ್ರೆ ಕೆಂಪು ಧೂಳಲ್ಲಿ ಉಸಿರು ಕಟ್ಟುತ್ತೆ, ನಿಂತು ಸುಧಾರಿಸಿಕೊಳ್ಳೋ ಜಾಗವೇ ಇಲ್ಲ ಈ ಆಟದಲ್ಲಿ. ಒಬ್ಬ ಸುಸ್ತಾದ ಅಂದ್ರೆ ಆ ಕಡೆ ಬಾಗಿಲು ತೆರೆದ ಹಾಗೆ, ಗೋಲು ಸುರಿಯೋಕೆ ಶುರು.

ಟಿಕೆಟ್ ಕೈಯಲ್ಲಿತ್ತು ಅಂತ ಫೈನಲ್ ಸಪ್ಪೆ ಆಗಿತ್ತು ಅಂದ್ಕೋಬೇಡಿ. ಎದುರಿಗೆ ಪಾಕಿಸ್ತಾನ ಅಲ್ವಾ! ಸೆಪ್ಟೆಂಬರ್ 2ರಂದು ನಾವು 2-4ರಿಂದ ಹಿಂದಿದ್ವಿ. ಆಗ ನಮ್ಮ ಕರ್ನಾಟಕದ ಮೊಹಮ್ಮದ್ ರಾಹೀಲ್ ಎರಡು ಗೋಲು ಹೊಡೆದು 4-4 ಮಾಡಿದ, ಎರಡನೆಯದು 26ನೇ ನಿಮಿಷದಲ್ಲಿ, ಆಟ ಇದ್ದಿದ್ದೇ ಅರ್ಧ ಗಂಟೆ. ಶೂಟೌಟ್‌ನಲ್ಲಿ ಗುರ್ಜೋತ್ ಸಿಂಗ್, ಮಣಿಂದರ್ ಸಿಂಗ್ ಹೊಡೆದರು. ಗೋಲಿ ಸೂರಜ್ ಕರ್ಕೇರ ಒಂದನ್ನೂ ಒಳಗೆ ಬಿಡಲಿಲ್ಲ, 2-0.

ಒಲಿಂಪಿಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ಹನ್ನೊಂದು ಜನರ ಆಟ. ಪ್ಯಾರಿಸ್ ಟಿಕೆಟ್ ಸಿಕ್ಕಿದ್ದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನದಿಂದ, ಅಲ್ಲಿ ಫೈನಲ್ ಗೆದ್ದವರಿಗೆ ಮಾತ್ರ ನೇರ ಪ್ರವೇಶ. ಎದುರಾಳಿ ಮತ್ತೆ ಜಪಾನ್. ಐದು ವಾರದ ಹಿಂದೆ 35 ತಿಂದಿದ್ದ ದೇಶವೇ, ಆದರೆ ದೊಡ್ಡ ಮೈದಾನದಲ್ಲಿ ಅಂತರ 5-1 ಅಷ್ಟೇ.

ಇನ್ನು ಮಸ್ಕತ್ ಕಥೆ. ಗಂಡಸರ ಪಂದ್ಯಗಳು ಜನವರಿ 28ರಿಂದ 31ರವರೆಗೆ ಇದ್ವು. ನಮ್ಮೂರಲ್ಲಿ ಆಗ ಗವಿಮಠದ ಜಾತ್ರೆ, ದಾಸೋಹದ ಮಿರ್ಚಿ ಬಿಟ್ಟು ಮೊಬೈಲ್‌ನಲ್ಲಿ ಹಾಕಿ ಯಾರು ನೋಡ್ತಾರೆ ಹೇಳಿ. ಏಷ್ಯಾ ಚಾಂಪಿಯನ್ ಆಗಿ ಹೋದ ನಾವು ಕ್ವಾರ್ಟರ್ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ಗೆ ಸೋತು ಐದನೇ ಸ್ಥಾನಕ್ಕೆ ನಿಂತ್ವಿ. ಫೈನಲ್‌ನಲ್ಲಿ ಅದೇ ನೆದರ್ಲೆಂಡ್ಸ್ ಎದುರು ಆಡಿ 2-5ರಿಂದ ಸೋತಿದ್ದು ಯಾರು ಗೊತ್ತಾ? ಸಲಾಲಾ ಸೆಮಿಫೈನಲ್‌ನಲ್ಲಿ ನಾವು 10-4ರಿಂದ ಹೊಡೆದು ಹಾಕಿದ್ದ ಮಲೇಷ್ಯಾ.