ಆಮದು ಸುಂಕದ ಪರ ವಾದಗಳು: ಲೆಕ್ಕ ಹಾಕಿ ನೋಡಿದರೆ

ಮುಂಬೈ, ಪುಣೆಯಲ್ಲಿ ಬಿ.ಕಾಂ., ಎಂ.ಎ. ಪರೀಕ್ಷೆ ಕಟ್ಟಿರುವ ನಮ್ಮವರು ಆಮದು ಸುಂಕ ಏಕೆ ಬೇಕು ಎಂಬ ಪ್ರಶ್ನೆಗೆ ಏಳೆಂಟು ವಾದಗಳ ಪಟ್ಟಿ ಬರೆದು ಮುಗಿಸಿಬಿಡುತ್ತಾರೆ. ಪಟ್ಟಿ ಸಾಲದು. ಮಾರುಕಟ್ಟೆ ಎಲ್ಲಿ ಎಡವಿದೆ, ಅದಕ್ಕೆ ಸುಂಕವೇ ಮದ್ದೇ ಎಂದು ಪ್ರತಿ ವಾದವನ್ನೂ ಕೇಳಬೇಕು.

ಶಿಶು ಕೈಗಾರಿಕೆ ವಾದವನ್ನೇ ನೋಡಿ: ಹೊಸ ಉದ್ಯಮ ತನ್ನ ಕಾಲ ಮೇಲೆ ನಿಲ್ಲುವವರೆಗೆ ಸುಂಕದ ರಕ್ಷಣೆ ಬೇಕು ಎಂಬುದು. ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಮಂಡಿಸಿದ್ದು. ರಕ್ಷಣೆ ತೆಗೆದ ಮೇಲೂ ಉದ್ಯಮ ನಿಲ್ಲಬೇಕು ಎಂಬುದು ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ ಹಾಕಿದ ಷರತ್ತು. ಗ್ರಾಹಕರು ಇಂದು ತೆತ್ತ ಹೆಚ್ಚಿನ ಬೆಲೆ ಮುಂದೆ ಬಡ್ಡಿ ಸಮೇತ ತೀರಬೇಕು ಎಂಬುದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಬ್ಯಾಸ್ಟಬಲ್ ಸೇರಿಸಿದ್ದು. ಇದನ್ನು ಬಹುತೇಕರು ಬರೆಯುವುದೇ ಇಲ್ಲ. ಇನ್ನೊಂದು ತೊಡಕಿದೆ: ಲಾಭ ಅಷ್ಟು ಖಚಿತವಾದರೆ ಬ್ಯಾಂಕೇ ಸಾಲ ಕೊಡುತ್ತದಲ್ಲ? ಆದರೆ ಲಾಭ ಬೇರೆಯವರ ಪಾಲಾದರೆ ಮಾತು ಬೇರೆ: ಪುಣೆ ಬಳಿಯ ಚಾಕಣ್‌ನ ಒಂದು ಘಟಕ ಕೆಲಸ ಕಲಿಸಿದ ಫಿಟ್ಟರ್ ಪಕ್ಕದ ಘಟಕಕ್ಕೆ ಹೋದರೆ ಕಲಿಸಿದವರಿಗೆ ನಷ್ಟ; ಆಗ ವಾದಕ್ಕೆ ಬಲ ಬರುತ್ತದೆ. ಆದರೆ ಅದಕ್ಕೂ ಸುಂಕಕ್ಕಿಂತ ತರಬೇತಿ ಸಹಾಯಧನವೇ ನೇರ ಮದ್ದು.

ಸುಂಕದ ದರ ನೋಡಿ ರಕ್ಷಣೆ ಅಳೆಯಬೇಡಿ. ವಿದೇಶಿ ಮೋಟಾರ್ ₹100, ಅದರ ಬಿಡಿಭಾಗ ₹60 ಎಂದಿಟ್ಟುಕೊಳ್ಳಿ. ಬಿಡಿಭಾಗ ತರಿಸಿ ಇಲ್ಲೇ ಮೋಟಾರ್ ಮಾಡಿದರೆ ಇಲ್ಲಿ ಸೇರುವ ಮೌಲ್ಯ (ಮೌಲ್ಯವರ್ಧನೆ) ₹40. ಮೋಟಾರಿಗೆ 20%, ಬಿಡಿಭಾಗಕ್ಕೆ 10% ಸುಂಕ ಹಾಕಿದರೆ 120 − 66 = 54. ₹40ಕ್ಕಿಂತ 14 ಹೆಚ್ಚು; ಅಂದರೆ ನಿಜವಾದ ರಕ್ಷಣೆ 14/40, 35%. ದರಗಳನ್ನು ತಿರುಗಿಸಿ ಹಾಕಿ: 110 − 72 = 38. ಸುಂಕ ಇದ್ದೂ ಕಾರ್ಖಾನೆಗೆ 5% ಪೆಟ್ಟು.

ಉದ್ಯೋಗ ಉಳಿಯುತ್ತದೆ ಎಂಬ ವಾದ ಸೋಲುವುದೂ ಇಲ್ಲೇ: ಉಕ್ಕಿಗೆ ಸುಂಕ ಹಾಕಿದರೆ ಉಕ್ಕು ಕೊಳ್ಳುವ ಕಾರ್ಖಾನೆಗಳ ಖರ್ಚು ಏರುತ್ತದೆ.

ದೊಡ್ಡ ದೇಶ ಸುಂಕ ಹಾಕಿ ವಿಶ್ವದ ಬೆಲೆಯನ್ನೇ ತನಗೆ ಅನುಕೂಲವಾಗುವಂತೆ ತಿರುಗಿಸಬಹುದು, ಎದುರಾಳಿ ತಿರುಗೇಟು ಕೊಡದಿದ್ದರೆ. ಬೆಲೆಯ ಮೇಲೆ ಹಿಡಿತ ಇಲ್ಲದವರಿಗೆ ಈ ಆಟ ನಡೆಯದು. ರಫ್ತಿಗೂ ಅದೇ ನಿಯಮ. ಮೇ 2022ರಲ್ಲಿ ಕೇಂದ್ರ ಸರ್ಕಾರ 58%ಕ್ಕಿಂತ ಕಡಿಮೆ ಕಬ್ಬಿಣಾಂಶದ ಅದಿರಿಗೂ 50% ರಫ್ತು ಸುಂಕ ಹೇರಿತು. ಗೋವಾದ ಅದಿರು ಹೆಚ್ಚಾಗಿ ಈ ದರ್ಜೆಯದೇ. ಅದಿರಿನ ಬೆಲೆಗೆ ಆಸ್ಟ್ರೇಲಿಯಾ, ಬ್ರೆಜಿಲ್ ಪೂರೈಕೆಯೇ ಮುಖ್ಯವಾದ್ದರಿಂದ ಹೊರೆ ಬೀಳುವುದು ನಮ್ಮ ರಫ್ತುದಾರನ ಮೇಲೆ. ನವೆಂಬರ್‌ನಲ್ಲಿ ಅದನ್ನು ತೆಗೆದರು.

ಡಂಪಿಂಗ್ ಎಂದರೆ ಅಗ್ಗದ ಮಾಲು ಅಲ್ಲ. ತನ್ನ ದೇಶದಲ್ಲಿ ಮಾರುವುದಕ್ಕಿಂತ ಕಡಿಮೆಗೆ ಇಲ್ಲಿಗೆ ಕಳಿಸುವುದು. ಕಾರ್ಖಾನೆ ಬಾಗಿಲಲ್ಲಿ ಅಲ್ಲಿನ ಬೆಲೆ 100, ನಮಗೆ 80 ಆದರೆ ಅಂತರ 20. ಇಲ್ಲಿನ ಉದ್ಯಮದ ಹಾನಿ ತಪ್ಪಿಸಲು 12 ಸಾಕಾದರೆ ಭಾರತದಲ್ಲಿ ಹಾಕುವ ಡಂಪಿಂಗ್ ವಿರೋಧಿ ಸುಂಕ 12 ಮಾತ್ರ. ಮರುಪರಿಶೀಲನೆಯಲ್ಲಿ ಮುಂದುವರಿಸದಿದ್ದರೆ 5 ವರ್ಷಕ್ಕೆ ಅದು ತಾನಾಗಿಯೇ ಮುಗಿಯುತ್ತದೆ.