ಒಂದು ಬಕೆಟ್ ಬಿಸಿನೀರು, ಆರು ಸಲ ಕೊಡಚಾದ್ರಿ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಿಂದ ಫೋನ್ ಬಂತು. "ಮೀಟರ್ ಹಾಳಾಗಿದೆ ಮಾರಾಯ್ರೆ. ಬಲ್ಬೆಲ್ಲ ಎಲ್‌ಇಡಿ ಹಾಕ್ಸಿದ್ರೂ ಇನ್ನೂರು ಯೂನಿಟ್ ದಾಟಿದೆ." ಗೃಹಜ್ಯೋತಿಯಲ್ಲಿ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಅವರ ಸಂಕಟ ಅದು.

ಇಷ್ಟು ವರ್ಷ ವೈರಿಂಗ್ ಮಾಡಿದವನಿಗೆ ಮೀಟರ್ ಹಾಳಾಗಿದ್ದು ಸಿಕ್ಕಿದ್ದು ತೀರಾ ಅಪರೂಪ. ಹೋದವನೇ ಎಲ್ಲ ಸ್ವಿಚ್ ಆರಿಸಿದೆ. ಜಗುಲಿಯ 9 ವಾಟ್ ಬಲ್ಬ್ ಒಂದನ್ನೇ ಹಾಕಿ, ಯಜಮಾನರನ್ನು ಮೀಟರಿನ ಎದುರು ನಿಲ್ಲಿಸಿದೆ. ಅದರಲ್ಲೊಂದು ಪುಟ್ಟ ಕೆಂಪು ದೀಪ ಇರುತ್ತದೆ. ಆ ಮೀಟರಿನ ಮೇಲೆ 3200 ಎಂದು ಬರೆದಿತ್ತು. ಅಂದರೆ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ನಿಂತೆವು. ನಿಂತೇ ಇದ್ದೆವು. ಎರಡು ನಿಮಿಷ ಕಳೆದ ಮೇಲೆ ಒಂದು ಸಲ ಮಿನುಗಿತು. ಆಮೇಲೆ ಬಚ್ಚಲುಮನೆಯ 2000 ವಾಟ್ ಗೀಸರ್ ಹಾಕಿಸಿದೆ. ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ, ಪಕಪಕ ಅಂತ ಹೊಡೆದುಕೊಳ್ಳತೊಡಗಿತು.

ವಾಟ್ ಬೇರೆ, ಯೂನಿಟ್ ಬೇರೆ. ನಲ್ಲಿ ಎಷ್ಟು ಜೋರಾಗಿ ಬಿಟ್ಟಿದ್ದೀರಿ ಅನ್ನುವುದು ವಾಟ್. ಕೊಡಪಾನಕ್ಕೆ ಎಷ್ಟು ನೀರು ಬಿತ್ತು ಅನ್ನುವುದು ಯೂನಿಟ್. ಸಾವಿರ ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಷ್ಟೇ.

ಜನ ಲೆಕ್ಕ ತಪ್ಪುವುದು ಬಿಸಿಯ ವಿಷಯದಲ್ಲಿ. ಬೆಳಕಿಗೆ, ಫ್ಯಾನಿಗೆ ಚೂರು ಶಕ್ತಿ ಸಾಕು. ನೀರು ಕಾಯಿಸುವುದಕ್ಕೆ ಸಾಲದು. 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. ಅಷ್ಟೇ ಶಕ್ತಿಯಲ್ಲಿ ಆ ನೀರನ್ನು ಎಂಟೂವರೆ ಸಾವಿರ ಮೀಟರ್ ಮೇಲೆ ಎತ್ತಬಹುದು. ಕೊಡಚಾದ್ರಿಯ ಎತ್ತರ 1343 ಮೀಟರ್. ಸಮುದ್ರದ ದಡದಿಂದ ಅದರ ತುದಿಗೆ ಆ ನೀರನ್ನು ಆರು ಸಲ ಏರಿಸಿದ ಹಾಗಾಯಿತು! (ನಂಬಿಕೆ ಬಾರದೆ ನಾನೇ ಮೂರು ಸಲ ಲೆಕ್ಕ ಹಾಕಿದ್ದೇನೆ.)

ಗಟ್ಟಿ ಆಳೊಬ್ಬ ದಿನವಿಡೀ ದುಡಿದರೂ ಅವನ ರಟ್ಟೆಯಿಂದ ಹೊರಬರುವ ಕೆಲಸ ಅರ್ಧ ಯೂನಿಟ್ಟಿನ ಆಚೀಚೆ. ತೋಟದ 5 ಎಚ್‌ಪಿ ಪಂಪು ಒಂದು ಗಂಟೆಯಲ್ಲಿ ಅಂಥ ಆರೇಳು ಜನರ ದಿನದ ಕೆಲಸ ಮಾಡಿ ಸುಮ್ಮನಾಗುತ್ತದೆ. ಏತ ಹೊಡೆದವರ ಮಕ್ಕಳು ಶಾಲೆಗೆ ಹೋಗುವ ಹಾಗಾಗಿದ್ದರಲ್ಲಿ ಈ ಪಂಪಿನ ಪಾಲು ಸಣ್ಣದಲ್ಲ.

ಆ ಯೂನಿಟ್ಟಾದರೂ ಎಲ್ಲಿಂದ ಬರುತ್ತದೆ? ನಮ್ಮ ಪಕ್ಕದಲ್ಲೇ ಇರುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿವೆ, ಒಟ್ಟು 1035 ಮೆಗಾವಾಟ್. ಅಲ್ಲಿ ನೀರು ಕೊಳವೆಗಳಲ್ಲಿ 400 ಮೀಟರಿಗೂ ಹೆಚ್ಚು ಕೆಳಗೆ ಧುಮುಕುತ್ತದೆ. ಸಾವಿರ ಲೀಟರ್, ಅಂದರೆ ಮನೆ ಮೇಲಿನ ಒಂದು ಸಿಂಟೆಕ್ಸ್ ಟ್ಯಾಂಕ್‌ನಷ್ಟು ನೀರು ಅಲ್ಲಿ ಇಳಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಆ ನೀರು ನಿಲ್ಲಿಸಲು 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಸಿದರು. ಊರುಗಳು ಮುಳುಗಿದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ, ಹೋಗಿ ನೋಡಬಹುದು.

ಹಾಗಾದರೆ ಗೀಸರ್ ಬದಲು ಏನು? ಮಲೆನಾಡಿನ ಮಳೆಗಾಲಕ್ಕೆ ಸೋಲಾರ್ ಬಿಸಿನೀರು ಅಷ್ಟೇನೂ ಪ್ರಯೋಜನವಿಲ್ಲ. ಜೂನ್‌ನಿಂದ ಬಿಸಿಲೇ ಅಪರೂಪ, ಕಾಯುವುದೇನು? ಅಡಿಕೆ ಸಿಪ್ಪೆ ರಾಶಿ ಬಿದ್ದಿರುವ ಮನೆಗೆ ನಾನು ಹೇಳುವುದು ಹಂಡೆ ಒಲೆಯನ್ನೇ. ಆದರೆ ಹೊಗೆಕೊಳವೆ ಇರಲಿ. ಹೊಗೆ ಕುಡಿಯುವವರು ಹೆಂಗಸರು, ಬಿಲ್ ಉಳಿಯಿತು ಅನ್ನುವವರು ಗಂಡಸರು ಆಗಬಾರದು.

ಇದನ್ನೆಲ್ಲ ಹೇಳುವಾಗ ಒಳಗಿಂದ ಮನೆಯೊಡತಿ ಕಾಫಿ ತಂದರು. "ಹಂಡೆ ಕೊಟ್ಟಿಗೆ ಮೂಲೇಲಿ ಬೋರಲು ಬಿದ್ದಿದೆ. ಕಿತ್ತು ಹಾಕಿದ್ದು ನೀವೇ ಅಲ್ವಾ?" ಎಂದು ಯಜಮಾನರನ್ನು ಕೇಳಿದರು. ಅವರು ಮೀಟರನ್ನೇ ನೋಡುತ್ತಿದ್ದರು. ಗೀಸರ್ ಇನ್ನೂ ಆರಿಸಿರಲಿಲ್ಲ.