ಲಂಜ್: ಕೈ ಮೊದಲು, ಕಾಲು ಆಮೇಲೆ

ಫೆನ್ಸಿಂಗ್‌ನಲ್ಲಿ (ಕತ್ತಿವರಸೆ ಆಟ) ಫಾಯಿಲ್ ಎಂಬ ಕತ್ತಿ ಹಿಡಿದು ಹೊಸದಾಗಿ ಕಲಿಯುತ್ತಿರುವವರಿಗೆ ಇದು. ಲಂಜ್ ಅಂದರೆ ಮುಂಗಾಲು ದೂರ ಚಾಚಿ ನುಗ್ಗಿ ಹೊಡೆಯುವುದು. ಮಾಸ್ಕ್, ಜಾಕೆಟ್ ಇಲ್ಲದೆ ಯಾರ ಎದುರೂ ನಿಲ್ಲಬೇಡಿ.

ನಿಲುವು: ಮುಂದಿನ ಪಾದ ಎದುರಾಳಿಯ ಕಡೆಗೆ, ಹಿಂದಿನದು ಅದಕ್ಕೆ ಅಡ್ಡ, ಎರಡೂ ಹಿಮ್ಮಡಿ ಒಂದೇ ಗೆರೆಯಲ್ಲಿ, ಮೊಣಕಾಲು ಬಾಗಿರಬೇಕು. ಮುಂದೆ ಹೋಗುವಾಗ ಮುಂಗಾಲು ಮೊದಲು, ಹಿಂದೆ ಸರಿಯುವಾಗ ಹಿಂಗಾಲು ಮೊದಲು. ನಮ್ಮ ಕಲಬುರಗಿ ಮನೆಗಳಲ್ಲಿ ಶಹಾಬಾದ್ ಫರ್ಸಿ ಹಾಸಿರುತ್ತಾರಲ್ಲ, ಎರಡು ಫರ್ಸಿ ಕೂಡುವ ಸಂದಿಯನ್ನೇ ಗೆರೆ ಅಂತ ಹಿಡಿದು ನಡೆಯಿರಿ. ಹಿಮ್ಮಡಿ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ಒದ್ದೆ ಫರ್ಸಿ ಮೇಲೆ ಮಾತ್ರ ಲಂಜ್ ಬೇಡವೇ ಬೇಡ, ಕಾಲು ಜಾರಿ ತೊಡೆಸಂದಿಗೆ ಪೆಟ್ಟಾಗುತ್ತದೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಜಾಕೆಟ್ ಅಭ್ಯಾಸ ಮುಗಿಸಿ.

ಇನ್ನು ಲಂಜ್. ನನ್ನ ತಲೆಗೆ ತಡವಾಗಿ ಹೋದದ್ದು ಇದೇ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಮೊದಲು ತೋಳು ಚಾಚಬೇಕು, ಕತ್ತಿಯ ತುದಿ ಎದುರಾಳಿಯ ಎದೆಗೆ ಗುರಿಯಾಗಬೇಕು. ಆಮೇಲೆ ಮುಂಗಾಲಿನ ಬೆರಳು ಏಳುತ್ತದೆ. ಅದಾದ ಮೇಲೆ ಹಿಂಗಾಲು ನೆಲ ಒದ್ದು ನೆಟ್ಟಗಾಗುತ್ತದೆ. ಮುಂದೆ ತಳ್ಳುವುದು ಹಿಂಗಾಲು. ಮುಂಗಾಲು ಬರೀ ಇಳಿಯಲು ಜಾಗ ಹುಡುಕುತ್ತದೆ. ಇಳಿದಾಗ ಮುಂದಿನ ಮೊಣಕಾಲು ಬೆರಳು ದಾಟಬಾರದು, ಹಿಂದಿನ ಪಾದ ಪೂರ್ತಿ ನೆಲಕ್ಕೆ ಅಂಟಿರಬೇಕು.

ಕೈ ಯಾಕೆ ಮೊದಲು? ಉತ್ತರ ನಿಯಮದಲ್ಲೇ ಇದೆ. ಫಾಯಿಲ್‌ನಲ್ಲಿ ಮುಂಡಕ್ಕೆ ತಗುಲಿದ ಪೆಟ್ಟಿಗೆ ಮಾತ್ರ ಅಂಕ. ಇಬ್ಬರೂ ಒಟ್ಟಿಗೆ ತಾಗಿಸಿ ಪೆಟ್ಟು ತೋರಿಸುವ ಎರಡೂ ಬಣ್ಣದ ದೀಪ ಹತ್ತಿದರೆ, ಅಂಕ ಯಾರಿಗೆ ಎಂದು ರೆಫರಿ ಆದ್ಯತೆ ನೋಡಿ ಹೇಳುತ್ತಾರೆ. ಆದ್ಯತೆ ಮೊದಲು ತೋಳು ಚಾಚುತ್ತ ಗುರಿಗೆ ಬೆದರಿಕೆ ಒಡ್ಡಿದವರಿಗೆ. ಮೊದಲು ಕಾಲು ಹಾಕಿದವರಿಗೆ ಅದು ಸಿಗುವುದಿಲ್ಲ. ಕೈ ಮಡಚಿಕೊಂಡೇ ನೀವು ನುಗ್ಗಿದಿರಿ ಅನ್ನಿ: ನಿಮ್ಮ ಎದೆ ಅವರ ಕತ್ತಿಗೆ ಎಟುಕುವ ದೂರಕ್ಕೆ ಬಂದಾಯಿತು, ನಿಮ್ಮ ತುದಿ ಇನ್ನೂ ಎಲ್ಲೋ ಇದೆ. ಅಷ್ಟರಲ್ಲಿ ಅವರು ತೋಳು ಚಾಚಿದರೆ ದಾಳಿ ಅವರದು, ನೀವು ಮಾಡಿದ್ದು ಬರೀ ತಯಾರಿ. ಎಪೆ ಎಂಬ ಇನ್ನೊಂದು ಕತ್ತಿಯ ಆಟದಲ್ಲಿ ಆದ್ಯತೆ ಇಲ್ಲ, ಇಬ್ಬರೂ ಒಟ್ಟಿಗೆ ಮುಟ್ಟಿದರೆ ಇಬ್ಬರಿಗೂ ಅಂಕ. ಅಲ್ಲಿಯೂ ಕೈಯೇ ಮೊದಲು, ಯಾಕೆಂದರೆ ಅಲ್ಲಿ ಮೈಯೆಲ್ಲ ಗುರಿ, ಮೊದಲು ಚಾಚಿದ ಕಾಲಿಗೂ ಪೆಟ್ಟು ಬೀಳಬಹುದು.

ಇದು ಮೈಗೆ ಹತ್ತಲು ಗ್ಲೌವ್ ಆಟ ಆಡಿ. ಜೊತೆಗಾರರು ಲಂಜ್ ದೂರದಲ್ಲಿ ನಿಂತು, ಭುಜದ ಎತ್ತರದಲ್ಲಿ ಗ್ಲೌವ್ ಹಿಡಿದು, ಹೇಳದೆ ಬಿಡಬೇಕು. ನೀವು ಕತ್ತಿಯಿಲ್ಲದೆ ಲಂಜ್ ಹೊಡೆದು ಅದನ್ನು ಗಾಳಿಯಲ್ಲೇ ಹಿಡಿಯಬೇಕು. ಕಾಲು ಮೊದಲಾದರೆ ಗ್ಲೌವ್ ನೆಲಕ್ಕೆ ಬೀಳುತ್ತದೆ, ಕೈ ಮೊದಲಾದರೆ ಸಿಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಎದುರಾಳಿಯ ಕತ್ತಿಯನ್ನು ನಿಮ್ಮ ಕತ್ತಿಯಿಂದ ತಡೆಯುವುದಕ್ಕೆ ಪ್ಯಾರಿ ಎನ್ನುತ್ತಾರೆ; ಸದ್ಯಕ್ಕೆ ನಾಲ್ಕನೇ (ಎದೆಯ ಒಳಬದಿ) ಮತ್ತು ಆರನೇ (ಕತ್ತಿ ಹಿಡಿದ ಕೈಯ ಹೊರಬದಿ) ಪ್ಯಾರಿ ಸಾಕು. ತಡೆದ ಕೂಡಲೇ ಆದ್ಯತೆ ನಿಮ್ಮದಾಗುತ್ತದೆ, ತಡಮಾಡದೆ ತಿರುಗೇಟು ಕೊಡಿ.

ಭವಾನಿ ದೇವಿಯವರ ಪಂದ್ಯಗಳನ್ನೂ ನೋಡಿ. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಫೆನ್ಸರ್ ಅವರು. 2021ರಲ್ಲಿ ಟೋಕಿಯೊದಲ್ಲಿ ತಮ್ಮ ಮೊದಲ ಪಂದ್ಯವನ್ನು 15-3ರಿಂದ ಗೆದ್ದರು. ಅವರ ಆಯುಧ ಸೇಬರ್, ಅಲ್ಲೂ ಆದ್ಯತೆಯ ನಿಯಮ ಇದೆ. ನಿಧಾನಗತಿಯಲ್ಲಿ ಓಡಿಸಿ, ರೆಫರಿ ಕೈ ಎತ್ತುವ ಮೊದಲೇ ಅಂಕ ಯಾರದೆಂದು ನೀವೇ ಹೇಳಿ ನೋಡಿ.